ಬಾಗಿಲಿಲ್ಲದ ಲಾರಿ

ಏವಿಸ್ ಬ್ಲೂರ್ ನಮ್ಮ ಗುಂಪಿಗೆ ಮೊದಲು ಬಂದದ್ದು ಆಟವಾಡುವುದಕ್ಕಲ್ಲ, ನೆಲ ಒರೆಸುವುದಕ್ಕೆ.

ಇಂಗ್ಲೆಂಡಿನ ಲಾಂಗ್ಟನ್ನಿನಲ್ಲಿ ನಮ್ಮ ಬೀದಿಯ ತುದಿಗಿರುವ ಪ್ರಾರ್ಥನಾ ಮಂದಿರದ ಹಿಂದೆ ಒಂದು ಹಾಲ್ ಇದೆ. ಭಾನುವಾರ ಅಲ್ಲಿ ಮಕ್ಕಳಿಗೆ ಬೈಬಲ್ ಪಾಠ, ಮಂಗಳವಾರ ಹೆಂಗಸರ ಹೊಲಿಗೆ, ಗುರುವಾರ ಸಂಜೆ ನಮ್ಮದು. ನಮ್ಮದು ಅಂದರೆ, ಬಣ್ಣ ಬಳಿದ ಪುಟ್ಟ ಸೈನಿಕರನ್ನೂ ಟ್ಯಾಂಕುಗಳನ್ನೂ ಮೇಜಿನ ಮೇಲೆ ಎದುರುಬದುರು ನಿಲ್ಲಿಸಿ, ದಾಳ ಉರುಳಿಸಿ, ಅಳತೆಪಟ್ಟಿ ಹಿಡಿದು ಯುದ್ಧ ಮಾಡುವವರ ಗುಂಪು. ಹಾಲಿನ ಬೀಗದಕೈ ನನ್ನ ಹತ್ತಿರ ಇರುತ್ತದೆ, ಚಹಾ ಕಾಯಿಸುವ ಕೆಲಸವೂ ನನ್ನದೇ. ಆದ್ದರಿಂದ ಅಲ್ಲಿ ನಡೆದದ್ದೆಲ್ಲ ನನ್ನ ಕಣ್ಣೆದುರೇ ನಡೆದದ್ದು.

ಏವಿಸ್ ನನಗೆ ಅದಕ್ಕೂ ಮೊದಲೇ ಗೊತ್ತು. ಇಬ್ಬರೂ ಒಂದೇ ಪಿಂಗಾಣಿ ಕಾರ್ಖಾನೆಯಲ್ಲಿದ್ದೆವು. ನಾನು ಕೆಳಗೆ ಸುಡುವ ಗೂಡಿಗೆ ಪಾತ್ರೆ ಜೋಡಿಸುವವನು, ಅವಳು ಮೇಲಿನ ಅಂತಸ್ತಿನಲ್ಲಿ ತಟ್ಟೆಯ ಅಂಚಿಗೆ ಚಿನ್ನದ ಗೆರೆ ಎಳೆಯುವವಳು. ಶಾಲೆ ಬಿಟ್ಟ ವಾರವೇ ಕುಂಚ ಹಿಡಿದವಳು, ಕಾರ್ಖಾನೆ ಮುಚ್ಚುವ ಹೊತ್ತಿಗೆ ಐವತ್ತು ದಾಟಿದ್ದಳು. ಮದುವೆ ಆಗಲಿಲ್ಲ. ಯಾಕೆ ಅಂತ ಕೇಳಿದವರಿಗೆ "ಪುರುಸೊತ್ತು ಸಿಗಲಿಲ್ಲ" ಅನ್ನುತ್ತಿದ್ದಳು. ಅಪ್ಪ ಗಣಿಯ ಧೂಳಿಗೆ ಎದೆ ಕೆಟ್ಟು ಬೇಗ ಹೋಗಿಬಿಟ್ಟ. ಸಾಲುಮನೆಯಲ್ಲಿ ಅವಳೂ ಅವಳ ತಾಯಿ ಎಡ್ನಾಳೂ ಇಬ್ಬರೇ. ಕೆಲಸ ಹೋದ ಮೇಲೆ ಹಾಲ್ ಶುಚಿ ಮಾಡುವ ಕೆಲಸ ಹಿಡಿದಳು. ಅದರಲ್ಲಿ ಅವಳಿಗೆ ನಾಚಿಕೆಯೂ ಇರಲಿಲ್ಲ, ಸಂತೋಷವೂ ಇರಲಿಲ್ಲ.

ಒಂದು ಗುರುವಾರ ನಮ್ಮ ಆಟ ಮುಗಿಯುವುದು ತಡವಾಯಿತು. ಏವಿಸ್ ಬಕೆಟ್ಟು ಹಿಡಿದು ಬಂದವಳು ಮೇಜಿನ ಪಕ್ಕ ನಿಂತು, ಮೂಲೆಯಲ್ಲಿ ಒಂದರ ಮೇಲೊಂದು ಒಟ್ಟಿದ್ದ ಸರಕು ಲಾರಿಗಳಲ್ಲಿ ಒಂದನ್ನು ಎತ್ತಿ ಬೆಳಕಿಗೆ ಹಿಡಿದಳು.

"ಇದಕ್ಕೆ ಬಣ್ಣ ಬಳಿದವರು ಯಾರು?"

"ನಾನೇ. ಏನೀಗ?" ಅಂದ ಟ್ರೆವರ್ ಮೇಚಿನ್. ಟ್ರೆವರ್ ನಮ್ಮ ಬಡಾವಣೆಯ ಅಂಚೆಯವನು. ಗುಂಪಿನಲ್ಲಿ ಎಲ್ಲರಿಗಿಂತ ದೊಡ್ಡ ಸೈನ್ಯ ಅವನದು, ಎಲ್ಲರಿಗಿಂತ ದೊಡ್ಡ ಗಂಟಲೂ ಅವನದೇ.

"ಕುಂಚದಲ್ಲಿ ಬಳಿದೆಯೋ, ಇದರಲ್ಲೋ?" ಅಂತ ಅವಳು ನೆಲ ಒರೆಸುವ ಕೋಲು ಎತ್ತಿ ತೋರಿಸಿದಳು.

ಎಲ್ಲರೂ ನಕ್ಕರು. ಟ್ರೆವರ್‌ಗೆ ಕಿವಿ ಕೆಂಪಗಾಯಿತು. "ಅದು ಬರೀ ಲಾರಿ, ಡಕ್. ಅದನ್ನ ಯಾರು ನೋಡ್ತಾರೆ? ಟ್ಯಾಂಕ್ ನೋಡು, ಹೇಗಿದೆ." ನಮ್ಮೂರಲ್ಲಿ ಜಗಳವಾಡುವಾಗಲೂ ಒಬ್ಬರನ್ನೊಬ್ಬರು ಸಲಿಗೆಯಿಂದ ಡಕ್ ಅಂತಲೇ ಕರೆಯುವುದು.

"ಟ್ಯಾಂಕಿಗೆ ಎಣ್ಣೆ ಏನು ಮೋಡದಿಂದ ಸುರಿಯುತ್ತಾ?" ಅಂದವಳೇ ಆ ಲಾರಿಯನ್ನು ಏಪ್ರನ್ನಿನ ಜೇಬಿಗೆ ಹಾಕಿಕೊಂಡು ಹೋಗಿಯೇಬಿಟ್ಟಳು.

ಮುಂದಿನ ಗುರುವಾರ ತಂದಿಟ್ಟಳು. ಅದೇ ಲಾರಿ ಅಂತ ಹೇಳುವುದು ಕಷ್ಟವಾಗಿತ್ತು. ಹಸಿರು ಬಿಸಿಲಿಗೆ ಬೆಳ್ಳಗಾದ ಹಾಗಿತ್ತು. ತಾಡಪಾಲಿನ ಮಡಿಕೆಗಳಲ್ಲಿ ನೆರಳು ಕೂತಿತ್ತು. ಹಿಂದಿನ ಗಾಲಿ ಎರಚಿದ ಕೆಸರು ಒಣಗಿ ಹಲಗೆಗೆ ಅಂಟಿಕೊಂಡಿತ್ತು. ಧೂಳು ಹಿಡಿದ ಮುಂದಿನ ಗಾಜಿನಲ್ಲಿ ಡ್ರೈವರ್ ಅಂಗೈಯಿಂದ ಒರೆಸಿಕೊಂಡಷ್ಟು ಜಾಗ ಮಾತ್ರ ಹೊಳೆಯುತ್ತಿತ್ತು. ಅಂಗೈ ಮೇಲೆ ಕೂರುವ ಆ ಗಾಡಿ ಎಲ್ಲಿಂದಲೋ ದೂರದಿಂದ ಈಗ ತಾನೇ ಬಂದು ನಿಂತ ಹಾಗಿತ್ತು.

ಟ್ರೆವರ್ ಅದನ್ನು ತಿರುಗಿಸಿ ಮುರುಗಿಸಿ ನೋಡಿದ. ಆಮೇಲೆ, "ಉಳಿದವನ್ನೂ ತಗೊಂಡು ಹೋಗ್ತೀಯಾ?" ಅಂದ.

ಹಾಗೆ ಶುರುವಾಯಿತು. ಏವಿಸ್ ಟ್ಯಾಂಕು ಮುಟ್ಟುತ್ತಿರಲಿಲ್ಲ, ಫಿರಂಗಿ ಮುಟ್ಟುತ್ತಿರಲಿಲ್ಲ. ಸರಕು ಲಾರಿ, ನೀರಿನ ಗಾಡಿ, ಆಂಬುಲೆನ್ಸು, ಅಡುಗೆ ಗಾಡಿ, ಇಷ್ಟೇ. ಊರೂರಿನ ಪ್ರದರ್ಶನಗಳಿಗೆ ನಮ್ಮ ಜೊತೆ ಬರುತ್ತಿದ್ದಳು. ಎಲ್ಲರೂ ಮೇಜಿನ ಮೇಲೆ ನೋಡುತ್ತಿದ್ದರೆ ಇವಳು ಮೇಜಿನ ಕೆಳಗಿನ ರಟ್ಟಿನ ಪೆಟ್ಟಿಗೆಗಳೊಳಗೆ ಕೈಯಾಡಿಸುತ್ತಿದ್ದಳು. ಗಾಲಿ ಬಿದ್ದುಹೋದದ್ದು, ಮೂತಿ ಮುರಿದದ್ದು, ಯಾರಿಗೂ ಬೇಡವಾದದ್ದೆಲ್ಲ ಅವಳ ಚೀಲಕ್ಕೆ. ಅಡುಗೆಮನೆಯ ಕಪಾಟಿನಿಂದ ತಟ್ಟೆಗಳು ಒಂದೊಂದಾಗಿ ಕೆಳಗಿಳಿದವು, ಆ ಜಾಗದಲ್ಲಿ ಲಾರಿಗಳು ನಿಂತವು.

ಭಾನುವಾರ ಬೆಳಿಗ್ಗೆ ಅಂಗಡಿಯಿಂದ ಓಟ್ಸ್ ದೋಸೆ ಕಟ್ಟಿಸಿಕೊಂಡು ಅವರ ಮನೆಗೆ ಹೋಗುವುದು ನನ್ನ ಅಭ್ಯಾಸ. ಏವಿಸ್ ಅದರೊಳಗೆ ಚೀಸ್ ಇಟ್ಟು ಬಿಸಿ ಮಾಡುತ್ತಾಳೆ, ಎಡ್ನಾ ಪಕ್ಕದಲ್ಲಿ ಕೂತು ಅದು ಸೀಯುತ್ತಿದೆ ಅಂತ ಹೇಳುತ್ತಾಳೆ. ಎಡ್ನಾಗೆ ಆಗ ಎಂಬತ್ತರ ಮೇಲಾಗಿತ್ತು. ಮೊಣಕಾಲು ಕೈಕೊಟ್ಟಿದ್ದವು, ನಾಲಿಗೆ ಕೊಟ್ಟಿರಲಿಲ್ಲ.

ಅಂಥ ಒಂದು ಭಾನುವಾರ ಏವಿಸ್ ಹೊಸದಾಗಿ ಮುಗಿಸಿದ ಲಾರಿಯನ್ನು ತಾಯಿಯ ತಟ್ಟೆಯ ಮುಂದೆ ಇಟ್ಟಳು. "ನೋಡು ಅಮ್ಮ. ಮೂರು ಟನ್ನಿನದು. ಯುದ್ಧದಲ್ಲಿ ನೀನು ಓಡಿಸ್ತಿದ್ಯಲ್ಲ, ಅದು."

ಎಡ್ನಾ ಹುಡುಗಿಯಾಗಿದ್ದಾಗ, ಎರಡನೇ ಮಹಾಯುದ್ಧದಲ್ಲಿ, ಸೈನ್ಯದ ಮಹಿಳಾ ದಳದಲ್ಲಿ ಲಾರಿ ಓಡಿಸಿದ್ದಳು ಅನ್ನುವುದು ಬೀದಿಗೆಲ್ಲ ಗೊತ್ತಿದ್ದ ವಿಷಯ. ಆದರೆ ಅದರ ಬಗ್ಗೆ ಅವಳು ಬಾಯಿ ಬಿಟ್ಟದ್ದನ್ನು ಯಾರೂ ಕೇಳಿರಲಿಲ್ಲ. ಮಗಳೂ ಕೇಳಿರಲಿಲ್ಲ.

ಎಡ್ನಾ ಕನ್ನಡಕ ಹಾಕಿಕೊಂಡು ಬಗ್ಗಿ ನೋಡಿದಳು. "ನಾನು ಓಡಿಸ್ತಿದ್ದದ್ದು ಇದಲ್ಲ."

"ಇದೇ ಅಮ್ಮ. ಪೆಟ್ಟಿಗೆ ಮೇಲೆ ಬರೆದಿದೆ."

"ಪೆಟ್ಟಿಗೆ ಮೇಲೆ ಬರೆದವನು ನನ್ನ ಪಕ್ಕದಲ್ಲಿ ಕೂತಿದ್ನಾ? ನಮ್ಮ ಲಾರಿಗೆ ಬಾಗಿಲೇ ಇರಲಿಲ್ಲ ಕಣೇ. ಒಂದು ತುಂಡು ತಾಡಪಾಲು, ಕೊಕ್ಕೆಗೆ ಸಿಕ್ಕಿಸೋದು, ಅಷ್ಟೆ. ಮಳೆ ಬಂದ್ರೆ ಬಲತೊಡೆ ಪೂರ್ತಿ ಒದ್ದೆ. ತಲೆ ಮೇಲೂ ಬಟ್ಟೆಯೇ. ಮೂತಿ ಬೇರೆ ಥರ ಇತ್ತು, ಹಂದಿ ಮೂತಿ ಹಾಗೆ ಮೊಟಕಾಗಿ. ಇದು ಯಾವುದೋ ಬ್ಯಾಂಕ್ ಮ್ಯಾನೇಜರ್ ಲಾರಿ." ಇನ್ನೂ ಸ್ವಲ್ಪ ಬಗ್ಗಿದಳು. "ಮತ್ತೆ ಡ್ರೈವರ್‌ಗೆ ಮೀಸೆ ಇದೆ."

ಏವಿಸ್ ಲಾರಿಯನ್ನು ಎತ್ತಿ ಕಪಾಟಿನಲ್ಲಿಟ್ಟಳು. ಆದರೆ ಅವಳ ದವಡೆ ಬಿಗಿದದ್ದನ್ನು ನಾನು ನೋಡಿದೆ. ಕಾರ್ಖಾನೆಯಲ್ಲಿ ಇಡೀ ಗೂಡಿನ ಪಾತ್ರೆ ಒಡೆದುಹೋಗಿ ಮೊದಲಿನಿಂದ ಶುರು ಮಾಡಬೇಕಾದಾಗ ಹೀಗೇ ಬಿಗಿಯುತ್ತಿತ್ತು.

ಬಾಗಿಲಿಲ್ಲದ ಆ ಹಂದಿಮೂತಿಯ ಲಾರಿಯನ್ನು ಅವಳು ಎಲ್ಲ ಕಡೆ ಹುಡುಕಿದಳು. ಆ ಗಾತ್ರದಲ್ಲಿ ಅದನ್ನು ಯಾರೂ ಮಾಡಿರಲಿಲ್ಲ. ಹೆಣ್ಣು ಡ್ರೈವರಂತೂ ಯಾವ ಲಾರಿಯಲ್ಲೂ ಇರಲಿಲ್ಲ.

"ಇರೋದರ ಬಾಗಿಲು ಕಿತ್ತು ಹಾಕು, ಮುಗೀತು," ಅಂದ ಟ್ರೆವರ್.

"ನಿನ್ನ ಅಂಚೆ ಸೈಕಲ್ಲಿನ ಬುಟ್ಟಿ ಕಿತ್ತು ಹಾಕಿದ್ರೆ ಅದು ಕುದುರೆ ಆಗುತ್ತಾ?"

"ಯಾರೂ ಮಾಡಿಲ್ಲ ಅಂದ್ರೆ ಯಾರಿಗೂ ಬೇಡ ಅಂತ ಅರ್ಥ, ಏವಿಸ್."

"ಹಾಗಾದ್ರೆ ನಾನೇ ಮಾಡ್ತೀನಿ."

ಟ್ರೆವರ್ ನಕ್ಕ. ಅವಳು ನಗಲಿಲ್ಲ.

ಲೀಕ್ ಪಟ್ಟಣದಾಚೆ ಬೋಳುಗುಡ್ಡದ ಅಂಚಿನಲ್ಲಿ ವಿಲ್ಫ್ ಟನಿಕ್ಲಿಫ್ ಅನ್ನುವ ಮುದುಕರಿದ್ದರು. ಮನೆಯ ಹಿಂದಿನ ಶೆಡ್ಡಿನಲ್ಲಿ ಒಬ್ಬರೇ ಕೂತು ತವರ, ಸೀಸ ಕರಗಿಸಿ ಪುಟ್ಟ ಸೈನ್ಯಗಳನ್ನು ಎರಕ ಹೊಯ್ಯುತ್ತಿದ್ದರು. ನಮ್ಮ ಮೇಜಿನ ಮೇಲಿನ ಅರ್ಧ ಸೈನ್ಯ ಆ ಶೆಡ್ಡಿನಲ್ಲಿ ಹುಟ್ಟಿದ್ದೇ. ಏವಿಸ್ ಅಲ್ಲಿಗೆ ಹೊರಟಾಗ ಜೊತೆಗೆ ನಾನೂ ಬಸ್ಸು ಹತ್ತಿದೆ.

ವಿಲ್ಫ್ ಅವಳ ಮಾತು ಪೂರ್ತಿ ಕೇಳಿದರು. ಬೋಳುತಲೆಯ ಮೇಲೆ ಟಾಲ್ಕಂ ಪೌಡರು ಬಿದ್ದಿತ್ತು. ಅಚ್ಚಿಗೆ ಲೋಹ ಅಂಟದಿರಲಿ ಅಂತ ಸವರುವ ಪುಡಿ ಅದು. "ಮಾದರಿ ಇಲ್ದೆ ಅಚ್ಚು ಎಲ್ಲಿಂದ ಬರುತ್ತಮ್ಮ? ಮೊದಲು ಒಬ್ಬರು ಕೂತು ಒಂದು ಲಾರಿ ಕೈಯಲ್ಲಿ ಮಾಡಬೇಕು. ಅದನ್ನ ರಬ್ಬರಲ್ಲಿ ಒತ್ತಿ ಅಚ್ಚು ತೆಗೀಬೇಕು. ಇಷ್ಟೆಲ್ಲ ಮಾಡಿದ ಮೇಲೆ ಬಾಗಿಲಿಲ್ಲದ ಲಾರಿ ಯಾರಿಗೆ ಬೇಕು?"

"ನನಗೆ."

"ನಿಮಗೊಬ್ಬರಿಗೆ."

"ಅಮ್ಮನಿಗೂ."

ವಿಲ್ಫ್ ನಕ್ಕುಬಿಟ್ಟರು. "ಮಾದರಿ ಮಾಡಿ ತನ್ನಿ, ನೋಡೋಣ. ಆದರೆ ಬೇಗ ತನ್ನಿ. ನನ್ನ ಭುಜ ಸೋತಿದೆ, ಜಾಸ್ತಿ ದಿನ ಈ ಕೆಲಸ ಮಾಡೋಲ್ಲ."

ಆ ಶರತ್ಕಾಲವೆಲ್ಲ ಏವಿಸ್ ಅಡುಗೆಮನೆ ಮೇಜಿನ ಮುಂದೆ ಕೂತಳು. ತೆಳು ಪ್ಲಾಸ್ಟಿಕ್ ಹಾಳೆ ಕತ್ತರಿಸಿ ಅಂಟಿಸಿ ಲಾರಿ ಕಟ್ಟಿದಳು. ಗ್ರಂಥಾಲಯದಿಂದ ತಂದ ಚಿತ್ರಗಳಿದ್ದವು. ಆದರೆ ಚಿತ್ರದಲ್ಲಿ ಕಾಣದ್ದನ್ನು ತಾಯಿಯನ್ನೇ ಕೇಳಬೇಕಿತ್ತು. ಎಡ್ನಾಗೆ ಅಡಿ ಅಂಗುಲ ಗೊತ್ತಿರಲಿಲ್ಲ. ಎಲ್ಲವನ್ನೂ ತನ್ನ ಮೈಮೇಲೆ ತೋರಿಸುತ್ತಿದ್ದಳು. "ಹೆಜ್ಜೆ ಇಡೋ ಹಲಗೆ ನನ್ನ ಮೊಣಕಾಲಿಗೆ ಬರ್ತಿತ್ತು. ಲಂಗ ಎತ್ತದೆ ಹತ್ತೋಕೆ ಆಗ್ತಿರಲಿಲ್ಲ. ಆಮೇಲೆ ಪ್ಯಾಂಟು ಕೊಟ್ರು." ಏವಿಸ್ ಪಟ್ಟಿ ತಂದು ತಾಯಿಯ ಮೊಣಕಾಲು ಅಳೆಯುವಳು. "ಮುಟ್ಟಬೇಡ ಕಣೇ, ನೋಯುತ್ತೆ," ಅಂತ ಎಡ್ನಾ ಕೂಗುವಳು.

ಲಾರಿ ಚೆಂದಾಗಿ ಬಂತು. ಅದನ್ನು ಹತ್ತಿಯಲ್ಲಿ ಸುತ್ತಿಕೊಂಡು ಲೀಕಿಗೆ ಹೋದೆವು. ವಿಲ್ಫ್ ಮುಟ್ಟಿದ ಕೂಡಲೇ ತಲೆ ಅಲ್ಲಾಡಿಸಿದರು.

"ಇದು ಪ್ಲಾಸ್ಟಿಕ್ಕಮ್ಮ. ರಬ್ಬರು ಬೇಯೋ ಬಿಸಿ ಅಂದ್ರೆ ಕಮ್ಮಿ ಅಲ್ಲ. ಮೇಲಿಂದ ಒತ್ತಡ ಬೇರೆ. ತಡೆಯೋಲ್ಲ."

"ತಡೆಯುತ್ತೆ. ಒಳಗೆಲ್ಲ ಗಟ್ಟಿಯಾಗಿ ತುಂಬಿದ್ದೀನಿ."

"ನಾನು ಇಷ್ಟು ವರ್ಷದಿಂದ..."

"ಹಾಕಿ ಅಂದೆನಲ್ಲ."

ವಿಲ್ಫ್ ನನ್ನ ಮುಖ ನೋಡಿದರು. ನಾನು ಸೂರು ನೋಡಿದೆ. ದುಂಡಗಿನ ರಬ್ಬರಿನ ಎರಡು ಬಿಲ್ಲೆಗಳ ನಡುವೆ ಲಾರಿಯನ್ನಿಟ್ಟು ಬಿಸಿ ಯಂತ್ರದೊಳಗೆ ಒತ್ತಿ ತಿರುಚಿದರು. ಕಾಯ್ದೆವು, ಚಹಾ ಕುಡಿದೆವು. ಬಿಲ್ಲೆಗಳನ್ನು ಬಿಡಿಸಿದಾಗ ಒಳಗೆ ಲಾರಿ ಇರಲಿಲ್ಲ. ಓಟ್ಸ್ ದೋಸೆಯ ಹಾಗೆ ಚಪ್ಪಟೆಯಾದ, ಅಂಚು ಸುರುಟಿದ ಒಂದು ಬಿಳಿ ತುಂಡಿತ್ತು.

ಹೇಳಿರಲಿಲ್ಲವೇ ಅಂತ ವಿಲ್ಫ್ ಆಡಿ ತೋರಿಸಲಿಲ್ಲ, ಅದು ಅವರ ದೊಡ್ಡತನ. ಏವಿಸ್ ಆ ತುಂಡನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡಳು. ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಕೂತವಳು ಹ್ಯಾನ್ಲಿಯಲ್ಲಿ ಬಸ್ಸು ಬದಲಾಯಿಸುವವರೆಗೂ ಈ ಕಡೆ ತಿರುಗಲಿಲ್ಲ. ಅಳುತ್ತಿದ್ದಾಳೆ ಅಂದುಕೊಂಡೆ. ಹ್ಯಾನ್ಲಿಯಲ್ಲಿ ಇಳಿದ ಮೇಲೆ ನನ್ನ ಕಡೆ ತಿರುಗಿದಳು. ಕಣ್ಣು ಒಣಗಿಯೇ ಇದ್ದವು.

"ಸಿರಿಲ್, ಹಿತ್ತಾಳೆ ತಗಡು ಎಲ್ಲಿ ಸಿಗುತ್ತೆ?"

ಹಿತ್ತಾಳೆ ಅವಳ ಕೈಗೆ ಹೊಸದು. ಚಿನ್ನದ ಗೆರೆ ಎಳೆದ ಬೆರಳುಗಳಿಗೆ ಅಲುಗದೆ ನಿಲ್ಲುವುದು ಗೊತ್ತಿತ್ತು, ಬೆಸುಗೆ ಗೊತ್ತಿರಲಿಲ್ಲ. ಒಂದು ಮೂಲೆಗೆ ಬೆಸುಗೆ ಹಾಕಿ ಇನ್ನೊಂದು ಮೂಲೆಗೆ ಹೋದರೆ ಬಿಸಿಗೆ ಮೊದಲನೆಯದು ಬಿಟ್ಟುಕೊಳ್ಳುತ್ತಿತ್ತು. ಅದನ್ನು ಹಿಡಿದು ಕೂರಿಸಿದರೆ ಎರಡನೆಯದು. ಬೆರಳ ತುದಿಗಳಲ್ಲಿ ಗುಳ್ಳೆ ಎದ್ದವು. ಮೇಜಿನ ಮೇಲೆ ಕಪ್ಪು ಕಲೆಗಳಾದವು. ಎಡ್ನಾ, "ಮನೆ ಸುಟ್ಟು ಹಾಕೋಕೆ ಮುಂಚೆ ನನ್ನ ಹೊರಗೆ ಕೂರಿಸು, ಅಷ್ಟು ಮಾಡು," ಅಂದಳು. ಮುಗಿದ ಜಾಗಕ್ಕೆ ಒದ್ದೆ ಬಟ್ಟೆ ಸುತ್ತಿ ತಣ್ಣಗಿಟ್ಟರೆ ಅದು ಬಿಡುವುದಿಲ್ಲ ಅಂತ ಕೊನೆಗೆ ತಾನೇ ಕಂಡುಕೊಂಡಳು. ಆ ವಾರ ನೆಲ ಒರೆಸುತ್ತಾ ಹಾಡು ಗುನುಗುತ್ತಿದ್ದಳು.

ಟ್ರೆವರ್ ಗೇಲಿ ಮಾಡುವುದನ್ನು ಬಿಡಲಿಲ್ಲ. "ಏನಮ್ಮ, ಬಾಗಿಲಿಲ್ಲದ್ದನ್ನ ಮಾಡೋಕೆ ಇಷ್ಟು ದಿನ ಆದ್ರೆ, ಬಾಗಿಲಿರೋದಕ್ಕೆ ಎಷ್ಟಾಗ್ತಿತ್ತು?" ಅನ್ನುತ್ತಿದ್ದ. ಆದರೆ ಅಂಚೆ ಹಂಚುವಾಗ ಯಾರದೋ ಮನೆಯ ಕಸದ ಪಕ್ಕ ಬಿದ್ದಿದ್ದ ಹಳೆಯ ಹಿತ್ತಾಳೆ ಪರದೆ ಕಂಬಿಯನ್ನು ಕೇಳಿ ಪಡೆದು ತಂದು ಅವಳ ಬಾಗಿಲಲ್ಲಿಟ್ಟು ಹೋದವನೂ ಅವನೇ.

ಲಾರಿಯಾಯಿತು, ಡ್ರೈವರ್ ಬೇಕಿತ್ತು. ಗಟ್ಟಿಯಾಗುವ ಒಂದು ಥರದ ಮೇಣದಂಥ ಹಿಟ್ಟಿನಿಂದ ಅವಳನ್ನು ತಿದ್ದಬೇಕು. ಆದರೆ ಅವಳು ಹೇಗೆ ಕೂತಿರಬೇಕು? ಒಂದು ಭಾನುವಾರ ಏವಿಸ್ ತಾಯಿಯನ್ನು ಅಡುಗೆಮನೆಯ ಕುರ್ಚಿಯಲ್ಲಿ ಕೂರಿಸಿ ಕೈಗೆ ಊಟದ ತಟ್ಟೆ ಕೊಟ್ಟಳು.

"ಇದೇ ಸ್ಟೇರಿಂಗ್ ಅಂದುಕೋ."

"ನನಗೇನು ಅರಳುಮರಳಾ?"

"ಅಮ್ಮ, ಹಿಡ್ಕೋ."

ಎಡ್ನಾ ತಟ್ಟೆ ಹಿಡಿದಳು. ಕೂಡಲೇ, "ಹೀಗಲ್ಲ, ಕುರ್ಚಿ ತಗ್ಗಾಯ್ತು," ಅಂದಳು. "ನಾನು ಕುಳ್ಳಿ. ಕೋಟು ಮಡಿಸಿ ಕೆಳಗೆ ಹಾಕ್ಕೊಳ್ತಿದ್ದೆ." ನನ್ನ ಕೋಟನ್ನೇ ಮಡಿಸಿ ಕೊಟ್ಟೆ. ಅದರ ಮೇಲೆ ಕೂತಳು. ಆಗ ನೋಡಿ, ಅವಳ ಬೆನ್ನು ನೆಟ್ಟಗಾಯಿತು, ಗಲ್ಲ ಮೇಲೆದ್ದಿತು, ಮೊಣಕೈಗಳು ಮೈಗೆ ಒತ್ತಿಕೊಂಡವು, ಎಡಗಾಲು ತಾನಾಗಿ ಮುಂದೆ ಚಾಚಿತು. ಏವಿಸ್ ಉಸಿರು ಬಿಗಿಹಿಡಿದು ಹಿಟ್ಟು ತಿದ್ದತೊಡಗಿದಳು.

ತಟ್ಟೆ ಹಿಡಿದುಕೊಂಡೇ ಎಡ್ನಾ ಮಾತಿಗೆ ಶುರುಮಾಡಿದಳು. ಯಾರೂ ಕೇಳಿರಲಿಲ್ಲ.

"ಲಾರಿ ಹಿಂದೆ, ಅಡೀಲಿ, ಎರಡು ಗಾಲಿ ನಡುವೆ, ಅಚ್ಚಿನ ಗುಂಡು ಇರುತ್ತಲ್ಲ, ಅದಕ್ಕೆ ಬಿಳಿ ಬಳೀತಿದ್ರು. ಮೇಲೊಂದು ಸಣ್ಣ ದೀಪ. ದಾರೀಲಿ ಬೇರೆ ಬೆಳಕೇ ಇಲ್ಲ, ವಿಮಾನದವರಿಗೆ ಕಾಣಬಾರದು ಅಂತ. ಮುಂದಿನ ಲಾರಿಯ ಆ ಬಿಳಿ ಚುಕ್ಕೆ ನೋಡ್ಕೊಂಡು ಹೋಗ್ತಾ ಇರಬೇಕು, ಅಷ್ಟೆ. ಅದು ಎಲ್ಲಿ ಹೋದ್ರೆ ನಾವೂ ಅಲ್ಲಿ. ಒಂದು ಸಲ ಮುಂದಿನವಳು ದಾರಿ ತಪ್ಪಿ ಯಾರದೋ ಹಂದಿ ಕೊಟ್ಟಿಗೆ ಅಂಗಳಕ್ಕೆ ನುಗ್ಗಿದ್ಲು. ಹಿಂದೆ ನಾವೆಲ್ಲ ಸಾಲಾಗಿ ಹೋಗಿ ಹಂದಿಗಳ ಮುಂದೆ ನಿಂತ್ವಿ."

ನಾವು ನಕ್ಕೆವು. ಅವಳೂ ನಕ್ಕಳು. ಆಮೇಲೆ ತಟ್ಟೆಯನ್ನು ಸ್ವಲ್ಪ ಬಿಗಿಯಾಗಿ ಹಿಡಿದಳು.

"ಇನ್ನೊಂದು ಸಲ ಕೋನಿ ಮುಂದಿದ್ಲು. ನನ್ನ ಪಕ್ಕದ ಹಾಸಿಗೆಯವಳು. ಮೂರು ದಿನದಿಂದ ನಿದ್ದೆ ಇಲ್ಲ ಯಾರಿಗೂ. ಚುಕ್ಕೆ ಮೆಲ್ಲಗೆ ಎಡಕ್ಕೆ ಸರೀತು. ದಾರಿ ಎಡಕ್ಕೆ ತಿರುಗುತ್ತೆ ಅಂದ್ಕೊಂಡೆ. ಯಾಕೋ ಮನಸ್ಸು ಒಪ್ಪಲಿಲ್ಲ, ಬ್ರೇಕ್ ಒತ್ತಿದೆ. ಅವಳು ಹಳ್ಳಕ್ಕೆ ಇಳಿದುಬಿಟ್ಲು. ಸ್ಟೇರಿಂಗ್ ಎದೆಗೆ ಹೊಡೆದು ಕೊರಳೆಲುಬು ಮುರಿದಿತ್ತು. ನಾನು, ಹಿಂದಿನವಳು ಸೇರಿ ಎಳೆದು ಹಾಕಿದ್ವಿ. ಹಿಂದಿದ್ದ ಲಾರಿಗಳೆಲ್ಲ ನಿಂತ್ವು. ಬಂದರಿಗೆ ಹೋದಾಗ ಅಲ್ಲಿದ್ದ ಅಧಿಕಾರಿ ಗಡಿಯಾರ ನೋಡಿ ನನ್ನ ಬೈದ. ತಡ ಆಯ್ತು ಅಂತ. ಕೋನಿ ಹೇಗಿದ್ದಾಳೆ ಅಂತ ಕೇಳಲೇ ಇಲ್ಲ."

"ನೀನು ಇದನ್ನ ಯಾವತ್ತೂ ಹೇಳಲಿಲ್ಲವಲ್ಲಮ್ಮ," ಅಂದಳು ಏವಿಸ್.

"ಯಾರು ಕೇಳಿದ್ರು? ಎಲ್ಲರಿಗೂ ಗುಂಡು ಹೊಡೆದೋರ ಕಥೆ ಬೇಕು. ಸಾಕಾ, ತಟ್ಟೆ ಇಳಿಸಲಾ? ಕೈ ಸೋತು ಹೋಯ್ತು."

ಅವತ್ತು ಮಧ್ಯಾಹ್ನ ಏವಿಸ್ ಲಾರಿಯ ಅಡಿಯಲ್ಲಿ ಹಿಂದಿನ ಗಾಲಿಗಳ ಅಚ್ಚಿಗೆ ಒಂದು ಗುಂಡು ಬೆಸೆದಳು.

ಹಿತ್ತಾಳೆಯ ಮಾದರಿ ರಬ್ಬರಿನ ಬಿಸಿಯನ್ನು ತಡೆಯಿತು. ವಿಲ್ಫ್ ಅಚ್ಚು ಬಿಡಿಸಿ ಒಳಗಿನ ಗುರುತುಗಳನ್ನು ಬೆರಳಲ್ಲಿ ಸವರಿ, "ಕೊಕ್ಕೆ ಕೂಡ ಬಿದ್ದಿದೆಯಲ್ಲ!" ಅಂದರು. ಆದರೆ ಎರಕ ಸುಲಭಕ್ಕೆ ಬರಲಿಲ್ಲ. ಗರಗರ ತಿರುಗುವ ಅಚ್ಚಿನ ನಡುವಿನ ತೂತಿಗೆ ಕರಗಿದ ಲೋಹ ಹೊಯ್ದರೆ ಅದು ಸುತ್ತಲೂ ಓಡಿ ಎಲ್ಲ ಮೂಲೆ ತುಂಬಬೇಕು. ಮೊದಲ ಲಾರಿಗೆ ಸ್ಟೇರಿಂಗ್ ಅರ್ಧವೇ ಬಂತು. ಗಾಳಿ ಒಳಗೆ ಸಿಕ್ಕಿಕೊಂಡಿದೆ ಅಂತ ವಿಲ್ಫ್ ಚಾಕುವಿನ ತುದಿಯಿಂದ ರಬ್ಬರಿನಲ್ಲಿ ಕೂದಲೆಳೆಯಂಥ ಕಾಲುವೆ ಕೊರೆದರು. ಮತ್ತೆ ಹೊಯ್ದರೆ ಸ್ಟೇರಿಂಗ್ ಬಂತು, ಡ್ರೈವರ್‌ಗೆ ಮೂಗು ಬರಲಿಲ್ಲ. ಮತ್ತೆ ಕೊರೆದರು. ಅಷ್ಟರಲ್ಲಿ ಅವರ ಭುಜ ಕೈಕೊಟ್ಟಿತು. ಲೋಹ ತುಂಬಿದ ಸೌಟು ಎತ್ತಲು ಹೋಗಿ ಮುಖ ಕಿವುಚಿಕೊಂಡರು.

"ಕೊಡಿ ಇಲ್ಲಿ," ಅಂತ ಏವಿಸ್ ಕೈಗವಸು ಹಾಕಿಕೊಂಡು ಸೌಟು ಹಿಡಿದಳು. ಕೈ ಅಲುಗದೆ, ಒಂದೇ ಧಾರೆಯಾಗಿ ಹೊಯ್ದಳು. ಯಂತ್ರ ನಿಂತಿತು, ಬಿಲ್ಲೆ ಬಿಡಿಸಿದೆವು. ಹೊಳೆಯುವ ಬೆಳ್ಳಗಿನ ತುಂಡುಗಳಲ್ಲಿ ಎಲ್ಲವೂ ಇತ್ತು. ಮೂಗೂ ಇತ್ತು.

ವಿಲ್ಫ್ ಸ್ಟೂಲಿನ ಮೇಲೆ ಕೂತು ಅವಳ ಕೈಯನ್ನೇ ನೋಡಿದರು. "ಬೇಸಿಗೆಗೆ ನಾನು ಇದನ್ನ ಮುಚ್ತೀನಿ. ಯಂತ್ರ ನೀವು ಒಯ್ಯಿರಿ. ಆದರೆ ಬರೀ ನಿಮ್ಮ ಲಾರಿಗಾದ್ರೆ ಕೊಡೋಲ್ಲ. ನನ್ನ ಗಾಡಿಗಳ ಅಚ್ಚನ್ನೆಲ್ಲ ಜೊತೆಗೆ ಒಯ್ಯಬೇಕು, ಕೇಳಿದವರಿಗೆ ಹೊಯ್ದು ಕೊಡಬೇಕು."

"ಇಡೋಕೆ ಜಾಗ ಎಲ್ಲಿದೆ ಟನಿಕ್ಲಿಫ್ ಅವರೇ?"

"ಅದು ನಿಮ್ಮ ಪಾಡು."

ಆ ಬೇಸಿಗೆ ನಾನೂ ಟ್ರೆವರೂ ಸೇರಿ ಅವಳ ಹಿತ್ತಿಲಿನ ಕಲ್ಲಿದ್ದಲ ಕೋಣೆಯನ್ನು ತೊಳೆದು ಸುಣ್ಣ ಬಳಿದೆವು.

ಬಣ್ಣ ಹಚ್ಚಿದ ಮೊದಲ ಲಾರಿಯನ್ನು ಏವಿಸ್ ತಾಯಿಯ ಅಂಗೈ ಮೇಲಿಟ್ಟಳು. ಎಡ್ನಾ ಮೊದಲು ಅದನ್ನು ಮಗುಚಿ ಅಡಿಯನ್ನು ನೋಡಿದಳು. ಬಿಳಿ ಚುಕ್ಕೆ ಇತ್ತು. ಆಮೇಲೆ ನೆಟ್ಟಗೆ ಮಾಡಿ ಡ್ರೈವರನ್ನು ನೋಡಿದಳು. ಕೋಟಿನ ಮೇಲೆ ಕೂತು ಗಲ್ಲ ಎತ್ತಿದ ಹುಡುಗಿ.

"ಎಡಗಡೆ ಮಡ್‌ಗಾರ್ಡು ನೆಟ್ಟಗಿದೆ," ಅಂದಳು ಕೊನೆಗೆ. "ನಮ್ಮದು ಸೊಟ್ಟಗಿತ್ತು."

"ಯಾರು ಸೊಟ್ಟ ಮಾಡಿದ್ದು?"

"ಗೇಟಿನ ಕಂಬ."

"ಕಂಬ ನಡ್ಕೊಂಡು ಬಂತಾ?"

"ಏವಿಸ್, ಬಾಯಿ ಮುಚ್ಚು."

ಏವಿಸ್ ಇಕ್ಕಳ ತಂದು ಎಡಗಡೆ ಮಡ್‌ಗಾರ್ಡನ್ನು ಮೆಲ್ಲಗೆ ಒಳಕ್ಕೆ ಬಗ್ಗಿಸಿದಳು. ಎಡ್ನಾ "ಹ್ಞಾ" ಅಂದಳು. ಅದಕ್ಕಿಂತ ದೊಡ್ಡ ಶಹಬ್ಬಾಸ್‌ಗಿರಿ ಆ ಮನೆಯಲ್ಲಿ ಯಾರಿಗೂ ಸಿಕ್ಕಿದ್ದಿಲ್ಲ.

ಒಂದು ಲಾರಿಗೆ ಏವಿಸ್ ನಿಲ್ಲಲಿಲ್ಲ. ಒಂದಿಡೀ ಸಾಲು ಹೊಯ್ದಳು. ಹಲಗೆಯ ಮಾಸಿದ ಬಣ್ಣ, ತಾಡಪಾಲಿನ ತೇಪೆ, ಒಂದರ ಹಾಗೆ ಇನ್ನೊಂದಿರಲಿಲ್ಲ. ಆಮೇಲೆ ಹಾಲಿಗೆ ಬಂದು, ನಮ್ಮ ವಾರ್ಷಿಕ ಪ್ರದರ್ಶನದ ದಿನ ದೊಡ್ಡ ಮೇಜು ತನಗೆ ಬೇಕು ಅಂದಳು.

"ಯಾವ ಯುದ್ಧ?" ಅಂದ ಟ್ರೆವರ್.

"ಯುದ್ಧ ಇಲ್ಲ. ಹುಡುಗಿಯರು ಲಾರಿಗಳನ್ನ ದಕ್ಷಿಣದ ಬಂದರಿಗೆ ಮುಟ್ಟಿಸಬೇಕು. ಕತ್ತಲೆ, ಮಂಜು, ದಾರಿ ತೋರಿಸೋ ಹಲಗೆ ಒಂದೂ ಇಲ್ಲ. ಹಡಗು ಹೊರಡೋದರೊಳಗೆ ಮುಟ್ಟಿದ್ರೆ ಗೆದ್ದ ಹಾಗೆ."

"ಒಂದು ಗುಂಡೂ ಹಾರೋಲ್ವಾ?"

"ಟೈರು ಒಡೆಯಬಹುದು."

"ಜನ ಎದ್ದು ಹೋಗ್ತಾರೆ ಏವಿಸ್. ಸತ್ಯ ಹೇಳ್ತಿದ್ದೀನಿ."

"ಹೋಗೋರು ಹೋಗಲಿ. ಮೇಜು ಕೊಡ್ತೀಯೋ ಇಲ್ವೋ?"

ಗುಂಪಿನಲ್ಲಿ ದೊಡ್ಡ ಚರ್ಚೆಯಾಯಿತು. ಕೆಲವರು ಮುಖ ಊದಿಸಿಕೊಂಡರು. ಏವಿಸ್ ಮೂಲೆಯಲ್ಲಿ ಕೈಕಟ್ಟಿ ನಿಂತು ಎಲ್ಲರೂ ಮಾತಾಡಿ ಸುಸ್ತಾಗುವವರೆಗೆ ಕಾಯ್ದಳು, ಆಮೇಲೆ ಅದೇ ಮಾತು ಮತ್ತೆ ಕೇಳಿದಳು. ಮೇಜು ಸಿಕ್ಕಿತು. ತಮಾಷೆಯೆಂದರೆ, ದಾರಿಯಲ್ಲಿ ಬರುವ ತೊಂದರೆಗಳ ಚೀಟಿಗಳನ್ನು ಬರೆಯಲು ಟ್ರೆವರ್ ತಾನೇ ಮುಂದೆ ಬಂದ. ಬೀದಿ ಬೀದಿ ತಿರುಗಿ ಕಾಗದ ಹಂಚುವವನಿಗೆ ದಾರಿಯ ಸಂಕಟ ಬೇರೆಯವರು ಹೇಳಿಕೊಡಬೇಕೆ? ಬೇಲಿ ಹಾರಿದ ದನ, ಕುಸಿದ ಸೇತುವೆ, ತಪ್ಪು ದಾರಿ ತೋರಿಸುವ ಮುದುಕ, ಎಲ್ಲ ಬರೆದ.

ಪ್ರದರ್ಶನದ ದಿನ ಎಡ್ನಾ ಹೊಸ ಟೋಪಿ ಹಾಕಿಕೊಂಡು, ಕೋಲೂರಿಕೊಂಡು ಬಂದಳು. ನೋಡುವುದಕ್ಕೆ ಅಂತ ಬಂದವಳು ಕುರ್ಚಿಯನ್ನು ಮೇಜಿಗೆ ಎಳೆದುಕೊಂಡು, "ದಾಳ ಎಲ್ಲಿ?" ಅಂದಳು.

ಟ್ರೆವರ್ ತೀರ್ಪುಗಾರ. ಚೀಟಿ ಒಂದೊಂದಾಗಿ ಓದುತ್ತಾ ಹೋದ. ಎಡ್ನಾ ದನಗಳನ್ನು ದಾಟಿದಳು. ಮುದುಕನ ಮಾತು ನಂಬಲಿಲ್ಲ. "ನಮಗೆ ದಾರಿ ಹೇಳೋ ಗಂಡಸರನ್ನ ಬೇಕಾದಷ್ಟು ನೋಡಿದ್ದೀನಿ," ಅಂದಳು. ಸುತ್ತ ಜನ ಸೇರತೊಡಗಿದರು. ಪಕ್ಕದ ಮೇಜಿನಲ್ಲಿ ಟ್ಯಾಂಕು ಆಡುತ್ತಿದ್ದವರೂ ತಮ್ಮ ಆಟ ಬಿಟ್ಟು ಬಂದರು. ಬಂದರು ಹತ್ತಿರವಾಯಿತು, ಹಡಗು ಹೊರಡುವುದಕ್ಕೆ ಸ್ವಲ್ಪವೇ ಹೊತ್ತಿತ್ತು. ಆಗ ಟ್ರೆವರ್ ಒಂದು ಚೀಟಿ ತೆಗೆದು ಓದಿದ.

"ಮುಂದಿನ ಲಾರಿ ಹಳ್ಳಕ್ಕೆ ಇಳಿದಿದೆ. ನಿಂತು ಎತ್ತುತ್ತೀರಾ, ಅಥವಾ ದಾಟಿ ಹೋಗ್ತೀರಾ? ನಿಂತರೆ ತಡ ಆಗುತ್ತೆ."

ಏವಿಸ್ ನನ್ನ ತೋಳು ಗಟ್ಟಿಯಾಗಿ ಹಿಡಿದಳು. ಕೋನಿಯ ಕಥೆ ಟ್ರೆವರ್‌ಗೆ ಗೊತ್ತಿರಲಿಲ್ಲ, ನಾವಿಬ್ಬರೂ ಹೇಳಿರಲಿಲ್ಲ. ತಾಯಿಗೆ ಇನ್ನೇನಾಗುತ್ತದೋ ಅಂತ ಇಬ್ಬರೂ ನೋಡಿದೆವು.

"ದಾಟಿ ಹೋಗ್ತೀನಿ," ಅಂದಳು ಎಡ್ನಾ.

"ಅಮ್ಮ!" ಅಂದಳು ಏವಿಸ್. "ಅವತ್ತು ನಿಂತಿದ್ಯಲ್ಲ?"

"ಅವತ್ತು ನಿಂತು ಬೈಸಿಕೊಂಡೆ. ಇವತ್ತು ಬೈಸಿಕೊಳ್ಳೋಲ್ಲ. ಇದರಲ್ಲಿರೋಳು ಸೀಸದ ಹುಡುಗಿ, ಅವಳಿಗೆ ಎಲುಬೆಲ್ಲಿದೆ ಮುರಿಯೋಕೆ? ಹಿಂದಿನವರು ಎತ್ಕೊಂಡು ಬರ್ತಾರೆ. ಟ್ರೆವರ್, ಬಾಯಿ ಬಿಟ್ಕೊಂಡು ನಿಂತಿದ್ದೀಯಲ್ಲ, ದಾಳ ಕೊಡು!"

ದಾಳ ಉರುಳಿತು. ಸಾಲಿನ ಮೊದಲ ಲಾರಿ ಬಂದರಿನ ಗೇಟು ದಾಟಿತು, ಹಿಂದೆಯೇ ಉಳಿದವೂ ದಾಟಿದವು. ಹಾಲಿನಲ್ಲಿ ಚಪ್ಪಾಳೆ ಬಿತ್ತು. ಟ್ರೆವರ್ ಸೋತವನ ಹಾಗೆ ಸಲಾಮು ಹೊಡೆದ. ಎಡ್ನಾ ಟೋಪಿ ಸರಿಮಾಡಿಕೊಂಡು, "ಗಡಿಯಾರ ನೋಡಪ್ಪ. ಹೊತ್ತಿಗೆ ಮುಂಚೆ ಬಂದಿದ್ದೀನಿ," ಅಂದಳು. ಎಲ್ಲರೂ ನಕ್ಕರು. ಏವಿಸ್ ಮಾತ್ರ ಚಹಾ ಕೋಣೆಗೆ ಹೋಗಿ ನಲ್ಲಿ ಬಿಟ್ಟುಕೊಂಡು ಬಹಳ ಹೊತ್ತು ಕಪ್ಪು ತೊಳೆದಳು. ಆ ಕಪ್ಪುಗಳನ್ನು ನಾನು ಆಗಲೇ ತೊಳೆದಿಟ್ಟಿದ್ದೆ.

ಪ್ರದರ್ಶನದಲ್ಲಿ ಬಹುಮಾನ ಬಂದದ್ದು ಬೇರೆ ಮೇಜಿಗೆ, ದೊಡ್ಡ ಟ್ಯಾಂಕು ಯುದ್ಧಕ್ಕೆ. ಏವಿಸ್ ಅದನ್ನು ಕಿವಿಗೇ ಹಾಕಿಕೊಳ್ಳಲಿಲ್ಲ. ಆದರೆ ಅವತ್ತೇ ಬೇರೆ ಊರುಗಳ ಗುಂಪಿನವರು ಬಂದು, ಆ ಬಾಗಿಲಿಲ್ಲದ ಲಾರಿ ನಮಗೂ ಬೇಕು ಅಂದರು. ಒಬ್ಬ ಹೆಂಗಸು, ನಮ್ಮ ಅತ್ತೆಯೂ ಹೀಗೇ ಓಡಿಸುತ್ತಿದ್ದರು, ಅವರ ಹೆಸರು ಹಲಗೆ ಮೇಲೆ ಬರೆದು ಕೊಡುತ್ತೀರಾ ಅಂತ ಕೇಳಿದಳು. ಚಿನ್ನದ ಗೆರೆ ಎಳೆದ ಕುಂಚದಲ್ಲಿ ಏವಿಸ್ ಅಕ್ಕಿಕಾಳಿಗಿಂತ ಸಣ್ಣ ಅಕ್ಷರದಲ್ಲಿ ಬರೆದುಕೊಟ್ಟಳು.

ಎಡ್ನಾ ಇನ್ನೂ ಕೆಲವು ವರ್ಷ ಬದುಕಿದ್ದಳು. ಮೊಣಕಾಲು ಒಪ್ಪಿದ ಗುರುವಾರಗಳಲ್ಲಿ ಹಾಲಿಗೆ ಬಂದು ಎಲ್ಲರನ್ನೂ ಬೈದು ಹೋಗುತ್ತಿದ್ದಳು. ಒಂದು ಚಳಿಗಾಲ ಆಸ್ಪತ್ರೆ ಸೇರಿದವಳು ಮನೆಗೆ ಬರಲಿಲ್ಲ. ಮಣ್ಣು ಮಾಡಿದ ದಿನ ಟ್ರೆವರ್ ಅಂಚೆಯ ಕೆಲಸಕ್ಕೆ ರಜೆ ಹಾಕಿ ಬಂದು ನಮ್ಮ ಹಿಂದೆ ನಿಂತಿದ್ದ. ಏವಿಸ್ ಅತ್ತಳು, ಮನೆಗೆ ಬಂದಳು, ಎಲ್ಲರಿಗೂ ಚಹಾ ಕೊಟ್ಟಳು. ಮರುವಾರ ಒಲೆ ಹಚ್ಚಿ ಸೀಸ ಕರಗಿಸಿದಳು. ಹೊಯ್ದು ಕೊಡುತ್ತೇನೆ ಅಂತ ಮಾತು ಕೊಟ್ಟವರು ಕಾಯುತ್ತಿದ್ದರು.

ಈಗ ಅವಳಿಗೂ ಎಪ್ಪತ್ತು ದಾಟಿದೆ. ಹಾಲ್ ಒರೆಸುವ ಕೆಲಸ ಬೇರೆಯವರದು. ದಪ್ಪ ಕನ್ನಡಕದ ಮೇಲೆ ಇನ್ನೊಂದು ಭೂತಗನ್ನಡಿ ಸಿಕ್ಕಿಸಿಕೊಂಡು ಕಲ್ಲಿದ್ದಲ ಕೋಣೆಯಲ್ಲಿ ಕೂರುತ್ತಾಳೆ. ಸದ್ಯ ಬೀದಿಯಲ್ಲಿ ನಿಂತು ಸೈನಿಕರಿಗೆ ಚಹಾ, ಬನ್ನು ಕೊಡುತ್ತಿದ್ದ ಗಾಡಿಯ ಮಾದರಿ ಹಿಡಿದಿದ್ದಾಳೆ. ಅದರ ಪಕ್ಕದ ಹಲಗೆ ಮೇಲಕ್ಕೆತ್ತಿ ನಿಲ್ಲುವ ಹಾಗೆ ಎರಕದಲ್ಲಿ ಬರಬೇಕು ಅಂತ ಅವಳ ಹಟ. ಎರಡು ಸಲ ಅಚ್ಚು ಹಾಳಾಗಿದೆ. ಮೊನ್ನೆ ನಾನು ದೋಸೆ ತಗೊಂಡು ಹೋದಾಗ ಮೂರನೆಯದಕ್ಕೆ ತಗಡು ಕತ್ತರಿಸುತ್ತಿದ್ದಳು. ಬಾಗಿಲಲ್ಲಿ ನಿಂತದ್ದು ನಾನೇ ಅಂತ ಗೊತ್ತಾದರೂ ತಲೆ ಎತ್ತಲಿಲ್ಲ.

"ಬೆಳಕಿಗೆ ಅಡ್ಡ ನಿಲ್ಲಬೇಡ ಸಿರಿಲ್," ಅಂದಳು.